ನಿಮ್ಮದೊಂದೇ ಹೀಗಾಗಿರೋದು ಸರ್

ಅಕ್ಕನ ಮಗ ಮೊನ್ನೆ ಭಾನುವಾರ ಫೋನ್ ಮಾಡಿದ್ದ. ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. ಹೊಸದಾಗಿ ಬಿಡುಗಡೆಯಾದ ಗೇಮ್ ಕನ್ಸೋಲ್ ತರಿಸುತ್ತಾನಂತೆ. "ಮಾವ, ನೀವು ಇಷ್ಟು ವರ್ಷ ರಿಪೇರಿ ಮಾಡಿದೋರು, ಯಾವ ಮಾಡೆಲ್ ತಗೊಳ್ಲಿ ಹೇಳಿ" ಅಂದ. ಯಾವುದಾದರೂ ತಗೋ, ಒಂದು ವರ್ಷ ತಡೆದು ತಗೋ ಅಂದೆ. ಮುಂದೆ ಮಾತು ಹೆಚ್ಚು ಬೆಳೆಯಲಿಲ್ಲ. ಮುದುಕರ ಹತ್ತಿರ ಯಾಕೆ ಕೇಳಿದೆನಪ್ಪಾ ಅನ್ನುವ ಹಾಗೆ ಫೋನ್ ಇಟ್ಟ. ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೀತಿದ್ದೀನಿ. ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

2005ರ ನವೆಂಬರ್ 22. ಮೈಕ್ರೋಸಾಫ್ಟ್ ಟಿವಿಗೆ ಜೋಡಿಸಿ ಆಡುವ ತನ್ನ ಗೇಮ್ ಕನ್ಸೋಲ್ ಎಕ್ಸ್‌ಬಾಕ್ಸ್ 360 ಅನ್ನು ಅಮೆರಿಕದಲ್ಲಿ ಬಿಟ್ಟ ದಿನ. ಹತ್ತು ದಿನಕ್ಕೆ ಯುರೋಪ್, ಇನ್ನೊಂದು ವಾರಕ್ಕೆ ಜಪಾನ್. ಇಷ್ಟು ಅವಸರ ಯಾಕೆ ಅಂದರೆ ಸೋನಿ. ಹಿಂದಿನ ಸುತ್ತಿನಲ್ಲಿ ಪ್ಲೇಸ್ಟೇಷನ್ 2ರ ಎದುರು ಚೆನ್ನಾಗಿ ಪೆಟ್ಟು ತಿಂದಿದ್ದರು, ಈ ಸಲ ಹೇಗಾದರೂ ಮೊದಲು ಅಂಗಡಿ ಹಾಕಬೇಕಿತ್ತು. ಹಾಕಿದರು ಕೂಡ. ಪ್ಲೇಸ್ಟೇಷನ್ 3 ಬರುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ಆ ಪೆಟ್ಟಿಗೆಯ ಪವರ್ ಬಟನ್ ಸುತ್ತ ಬಳೆಯಂಥ ಒಂದು ದೀಪ, ನಾಲ್ಕು ತುಂಡಿನದು. ಎಲ್ಲ ಸರಿಯಿದ್ದರೆ ಹಸಿರು. ನಾಲ್ಕೂ ತುಂಡು ಕೆಂಪಾದರೆ ಟಿವಿ ಕೇಬಲ್ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಗಾಬರಿಯಿಲ್ಲ. ಎರಡು ಕೆಂಪಾದರೆ ಬಿಸಿ ಜಾಸ್ತಿಯಾಗಿದೆ, ಸ್ವಲ್ಪ ಹೊತ್ತು ಆರಿಸಿಡಿ. ಮೂರು ಕೆಂಪಾದರೆ ಮಾತ್ರ ಕತೆ ಮುಗೀತು. (ನಾಲ್ಕಕ್ಕಿಂತ ಮೂರು ಕೆಟ್ಟದ್ದು ಅನ್ನುವ ಲೆಕ್ಕ ಯಾವ ಪುಣ್ಯಾತ್ಮ ಹಾಕಿದನೋ!) ಜನ ಇದಕ್ಕೆ 'ರೆಡ್ ರಿಂಗ್ ಆಫ್ ಡೆತ್' ಅಂತ ಹೆಸರಿಟ್ಟರು. ಸಾವಿನ ಕೆಂಪು ಬಳೆ.

ಒಳಗೆ ಆಗುತ್ತಿದ್ದುದೇನು? ದೊಡ್ಡ ಚಿಪ್ ಒಂದೇ ತುಂಡಲ್ಲ. ಸಿಲಿಕಾನ್ ಬಿಲ್ಲೆಯೊಂದು ಪುಟ್ಟ ಹಲಗೆಯ ಮೇಲೆ ನೂರಾರು ಸೂಕ್ಷ್ಮ ಬೆಸುಗೆ ಚುಕ್ಕೆಗಳ ಮೇಲೆ ಕೂತಿರುತ್ತದೆ. ಆ ಹಲಗೆ ಮತ್ತೆ ಸೋಲ್ಡರ್ (ಬೆಸುಗೆ ಲೋಹ) ಗುಂಡುಗಳ ಮೇಲೆ ಮದರ್‌ಬೋರ್ಡಿಗೆ ಅಂಟಿರುತ್ತದೆ. ಬಿಸಿಯಾದಾಗ ಎಲ್ಲವೂ ಹಿಗ್ಗುತ್ತವೆ, ಆದರೆ ಒಂದೊಂದು ಒಂದೊಂದು ಪ್ರಮಾಣದಲ್ಲಿ. ಆರಿದಾಗ ಕುಗ್ಗುವುದೂ ಹಾಗೆಯೇ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಾ ಇದ್ದರೆ ಎಲ್ಲೋ ಒಂದು ಸಲ ಪಟ್ ಅಂತ ತುಂಡಾಗುತ್ತದಲ್ಲ, ಅದೇ ಕತೆ. ಮೊದಮೊದಲ ಪೆಟ್ಟಿಗೆಗಳಲ್ಲಿ ಚಿಪ್‌ಗಳು ಆಮೇಲಿನವಕ್ಕಿಂತ ದಪ್ಪ ಕೆತ್ತನೆಯ 90 ನ್ಯಾನೋಮೀಟರಿನವು, ವಿಪರೀತ ಬಿಸಿ. ಅದರ ಮೇಲೆ ಗ್ರಾಫಿಕ್ಸ್ ಚಿಪ್ ಕೂತಿದ್ದದ್ದು ಡಿವಿಡಿ ಡ್ರೈವ್ ಕೆಳಗೆ. ಎತ್ತರಕ್ಕೆ ಜಾಗವಿಲ್ಲದೆ ಬಿಸಿ ಎಳೆದುಕೊಳ್ಳಲು ಅದಕ್ಕೊಂದು ಕುಳ್ಳ ಹೀಟ್‌ಸಿಂಕ್ ಹಾಕಿ ಮುಗಿಸಿದ್ದರು.

ಆ ಕಾಲದಲ್ಲಿ ನಮ್ಮ ರಿಪೇರಿ ಮೇಜಿನ ಸುತ್ತ ಎಲ್ಲರೂ ಬೈಯುತ್ತಿದ್ದದ್ದು ಸೀಸವಿಲ್ಲದ ಸೋಲ್ಡರನ್ನು. ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸ ಬೇಡ ಅನ್ನುವ ಯುರೋಪಿನ ಕಾನೂನು 2006ರ ಜುಲೈ 1ರಿಂದ ಜಾರಿಗೆ ಬಂತು, ಜಗತ್ತಿನ ಬಹುಪಾಲು ಕಾರ್ಖಾನೆಗಳು ಸೀಸ ಬಿಟ್ಟವು. ಹಳೆಯ ಸೋಲ್ಡರ್ 183 ಡಿಗ್ರಿಗೆ ಬೆಣ್ಣೆಯಂತೆ ಕರಗುತ್ತಿತ್ತು, ಹೊಸದಕ್ಕೆ ಸುಮಾರು 217 ಡಿಗ್ರಿ ಬೇಕು, ಸ್ವಭಾವವೂ ಬಿರುಸು. ನಾನೂ ಅದನ್ನೇ ದೂರುತ್ತಿದ್ದೆ. 2021ರಲ್ಲಿ ಮೈಕ್ರೋಸಾಫ್ಟೇ ಎಕ್ಸ್‌ಬಾಕ್ಸ್ ಇತಿಹಾಸದ ಸಾಕ್ಷ್ಯಚಿತ್ರ ಹೊರತಂದಾಗ, ಹಾರ್ಡ್‌ವೇರ್ ನೋಡಿಕೊಂಡಿದ್ದ ಟಾಡ್ ಹೋಮ್‌ಡಾಲ್ ಅದರಲ್ಲಿ ಬಾಯಿಬಿಟ್ಟರು: ಒಡೆಯುತ್ತಿದ್ದದ್ದು ಚಿಪ್ಪಿನ ಒಳಗಿನ ಸಂಪರ್ಕಗಳು, ಮುಖ್ಯವಾಗಿ ಬಿಸಿಯಿಂದ ತಣ್ಣಗಾಗುವಾಗ. ಅಂದರೆ ಹೆಚ್ಚು ಆಡಿದವನ ಪೆಟ್ಟಿಗೆಗೆ, ಮತ್ತೆ ಮತ್ತೆ ಆನ್ ಆಫ್ ಮಾಡಿದವನ ಪೆಟ್ಟಿಗೆಗೆ ಹೆಚ್ಚು ಪೆಟ್ಟು. ನಿಷ್ಠೆಗೆ ಸಿಕ್ಕ ಬಹುಮಾನ.

ಟವೆಲ್ ವೈದ್ಯದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಸತ್ತ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ, ಗಾಳಿಯಾಡದಂತೆ ಮಾಡಿ, ಇಪ್ಪತ್ತು ನಿಮಿಷ ಆನ್ ಮಾಡಿಡುವುದು. ಒಳಗೆ ಕೆಂಡದಂತಾಗಿ, ಬಿರುಕು ಬಿಟ್ಟದ್ದು ಹಿಗ್ಗಿ ತಾತ್ಕಾಲಿಕವಾಗಿ ಕೂಡಿಕೊಂಡು, ಎದ್ದು ಕೂರುತ್ತಿತ್ತು! ನಗಬೇಡಿ. ಹೀಟ್ ಗನ್ ಹಿಡಿದು ಲ್ಯಾಪ್‌ಟಾಪ್ ಬೋರ್ಡುಗಳಿಗೆ ನಾವು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ. ಗಿರಾಕಿ ಖುಷಿಯಿಂದ ತಗೊಂಡು ಹೋಗೋರು, ಹದಿನೈದು ದಿನಕ್ಕೆ ಸಪ್ಪೆ ಮುಖ ಹಾಕಿಕೊಂಡು ವಾಪಸ್ ಬರೋರು. ಅದರ ದುಡ್ಡು ತಗೊಂಡದ್ದಕ್ಕೆ ಈಗಲೂ ನನಗೆ ಸ್ವಲ್ಪ ನಾಚಿಕೆಯಿದೆ.

ಆದರೆ ಹಾಳಾದದ್ದಕ್ಕಲ್ಲ ನನ್ನ ಸಿಟ್ಟು. ಮನುಷ್ಯ ಮಾಡಿದ ವಸ್ತು ಹಾಳಾಗುತ್ತದೆ. ಕೆಟ್ಟ ಮೇಲೆ ಫೋನ್ ಮಾಡಿದವರಿಗೆಲ್ಲ ಕಂಪನಿಯದು ಒಂದೇ ರಾಗ: ಇದು ಅಪರೂಪ, ಎಲ್ಲರದೂ ಚೆನ್ನಾಗೇ ಇದೆ. ಮೂರರಿಂದ ಐದು ಶೇಕಡಾ ಕೆಡೋದು ಈ ಉದ್ಯಮದಲ್ಲಿ ಮಾಮೂಲು ಅನ್ನುವ ಮಾತು ತಿಂಗಳುಗಟ್ಟಲೆ ನಡೆಯಿತು. ವಾಪಸ್ ಬಂದ ಪೆಟ್ಟಿಗೆಗಳ ಲೆಕ್ಕ ಇರೋದು ಕಂಪನಿಯ ಹತ್ತಿರ ಮಾತ್ರ. ಕೊಂಡವನ ಹತ್ತಿರ ಇರೋದು ಒಂದೇ ಪೆಟ್ಟಿಗೆ. ಹಾಗಾಗಿ "ನಿಮ್ಮದೊಂದೇ" ಅಂದರೆ ಅವನು ನಂಬಲೇಬೇಕು, ತಾನೇ ಎಲ್ಲೋ ಧೂಳಲ್ಲಿ ಇಟ್ಟೆನೇನೋ ಅಂತ ತಲೆ ತಗ್ಗಿಸಬೇಕು.

ಇನ್ನೊಂದು ವಿಷಯ ಕೇಳಿ. ಅಮೆರಿಕದಲ್ಲಿ ಈ ಪೆಟ್ಟಿಗೆಗೆ ಮೊದಮೊದಲು ಕೊಟ್ಟಿದ್ದ ವಾರಂಟಿ ಬರೀ 90 ದಿನ. 2006ರ ಡಿಸೆಂಬರ್‌ನಲ್ಲಿ ಒಂದು ವರ್ಷ ಮಾಡಿದರು. 2007ರ ಜುಲೈ 5ಕ್ಕೆ ಕೊನೆಗೂ ತಲೆಬಾಗಿ, ಮೂರು ಕೆಂಪು ದೀಪಕ್ಕೆ ಮೂರು ವರ್ಷ ವಾರಂಟಿ ಎಂದು ಘೋಷಿಸಿ, ಅದಕ್ಕಾಗಿ ನೂರು ಕೋಟಿ ಡಾಲರಿಗಿಂತ ಹೆಚ್ಚು ತೆಗೆದಿಟ್ಟರು. ಆಗ ಎಕ್ಸ್‌ಬಾಕ್ಸ್ ವ್ಯವಹಾರದ ಮುಂಚೂಣಿಯಲ್ಲಿದ್ದ ಪೀಟರ್ ಮೂರ್ ಆಮೇಲೆ ಹೇಳಿಕೊಂಡಿದ್ದಾರೆ: 115 ಕೋಟಿ ಡಾಲರ್ ಬೇಕು ಅಂದಾಗ ಆಗಿನ ಮೈಕ್ರೋಸಾಫ್ಟ್ ಸಿಇಒ ಸ್ಟೀವ್ ಬಾಲ್ಮರ್ ಹಿಂದೆಮುಂದೆ ನೋಡದೆ ಮಾಡಿ ಅಂದರಂತೆ. ಅದರಲ್ಲಿ 24 ಕೋಟಿ ಬರೀ ಕೊರಿಯರ್ ಖರ್ಚು! ಕೆಟ್ಟದ್ದನ್ನು ತುಂಬಿ ಕಳಿಸಲು ಕಂಪನಿ ಖಾಲಿ ಡಬ್ಬ ಕಳಿಸುತ್ತಿತ್ತು. ಆಟಗಾರರು ಅದನ್ನು ಶವಪೆಟ್ಟಿಗೆ ಅಂತ ಕರೆದರು.

ಬಾಲ್ಮರ್ ಕತೆಯನ್ನು ಮ್ಯಾನೇಜ್‌ಮೆಂಟ್ ಪಾಠ ಹೇಳುವವರು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ನಾನು ಅರ್ಧ ಚಪ್ಪಾಳೆ ತಟ್ಟುತ್ತೇನೆ. ದುಡ್ಡು ಬಿಚ್ಚಿದ್ದು ದೊಡ್ಡತನವೇ. ಆದರೆ ಬಿಡುಗಡೆಯಾಗಿ ಹತ್ತೊಂಬತ್ತು ತಿಂಗಳು ದಾಟಿತ್ತು. ಅಷ್ಟರಲ್ಲಿ ಎಷ್ಟು ಜನ ತಮ್ಮದೊಂದೇ ಕೆಟ್ಟಿದ್ದು ಅಂದುಕೊಂಡು ಕೈಯಿಂದ ದುಡ್ಡು ಕಟ್ಟಿ ರಿಪೇರಿ ಮಾಡಿಸಿರಬೇಕು? ಆ ದುಡ್ಡನ್ನು ವಾಪಸ್ ಕೊಡುವುದಾಗಿ ಅದೇ ಘೋಷಣೆಯಲ್ಲಿ ಹೇಳಿದರು, ನಿಜ. ಅವಮಾನಕ್ಕೆ ರೀಫಂಡ್ ಇರಲಿಲ್ಲ. ಪೂರ್ತಿ ಲೆಕ್ಕವನ್ನಂತೂ ಆಗಲೂ ಹೇಳಲಿಲ್ಲ. 2009ರಲ್ಲಿ ವಾರಂಟಿ ಮಾರುವ ಸ್ಕ್ವೇರ್‌ಟ್ರೇಡ್ ಎಂಬ ಬೇರೆ ಕಂಪನಿ, ತನ್ನ ಬಳಿ ನೋಂದಾಯಿತವಾದ ಸುಮಾರು 16,000 ಕನ್ಸೋಲ್‌ಗಳ ಲೆಕ್ಕ ತೆಗೆದು ನೋಡಿದರೆ ಎರಡು ವರ್ಷದಲ್ಲಿ ಕೆಟ್ಟದ್ದು: ಎಕ್ಸ್‌ಬಾಕ್ಸ್ 360 ಶೇಕಡಾ 23.7, ಪ್ಲೇಸ್ಟೇಷನ್ 3 ಶೇಕಡಾ 10, ನಿಂಟೆಂಡೊ ವೀ ಶೇಕಡಾ 2.7. ನಾಲ್ಕರಲ್ಲಿ ಒಂದಕ್ಕೆ ಹತ್ತಿರ. ಇದು 'ನಿಮ್ಮದೊಂದೇ'ನಾ?

ಹೋಲಿಕೆಗೆ 2013ರ ಪ್ಲೇಸ್ಟೇಷನ್ 4 ನೋಡಿ. ಮೊದಲ ವಾರವೇ ನೀಲಿ ದೀಪ ಮಿನುಗಿ ಸಾಯುತ್ತಿದೆ ಅಂತ ಗಲಾಟೆಯಾಯಿತು. ದೂರು ಬಂದದ್ದು ಶೇಕಡಾ 0.4ಕ್ಕಿಂತ ಕಡಿಮೆ ಅಂತ ಸೋನಿ ಕೂಡಲೇ ಹೇಳಿತು. ಮೊದಲ ದಿನವೇ ಹತ್ತು ಲಕ್ಷ ಮಾರಿದ ಪೆಟ್ಟಿಗೆಗೆ ಅದು ಸಾವಿರಗಟ್ಟಲೆ ಜನರ ಲೆಕ್ಕ, ಚಿಕ್ಕದೇನಲ್ಲ. ಆದರೂ ಒಂದು ಅಂಕಿ ಕೊಟ್ಟರು ನೋಡಿ. ಇನ್ನೂ ಹಿಂದೆ ಹೋದರೆ 1983ರಲ್ಲಿ ನಿಂಟೆಂಡೊದ ಫ್ಯಾಮಿಕಾಮ್ ಜಪಾನಿನಲ್ಲಿ ಕೆಟ್ಟ ಚಿಪ್ಪಿನಿಂದ ಸ್ಥಗಿತವಾಗತೊಡಗಿದಾಗ, ಕಂಪನಿಯ ಅಧ್ಯಕ್ಷ ಯಮೌಚಿ ಮಾರಿದ ಪೆಟ್ಟಿಗೆಗಳನ್ನೇ ವಾಪಸ್ ಕರೆಸಿ ಹೊಸ ಬೋರ್ಡ್ ಹಾಕಿಸಿದರು. ಅದೇ ಕಂಪನಿ ಸ್ವಿಚ್ ಎಂಬ ಕನ್ಸೋಲಿನ ಕಾಲಕ್ಕೆ ಜಾಯ್‌ಕಾನ್ ಎಂಬ ಕೈ ಕಂಟ್ರೋಲರಿನ ಕಡ್ಡಿ ಮುಟ್ಟದಿದ್ದರೂ ತಾನಾಗಿ ಓಡುವ ರೋಗದ ಬಗ್ಗೆ ಕ್ಷಮೆ ಕೇಳಲು 2017ರಿಂದ 2020ರವರೆಗೆ ಟೈಮ್ ತಗೊಂಡಿತು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಬಾಲ. ಎಕ್ಸ್‌ಬಾಕ್ಸ್ 360 ಭಾರತಕ್ಕೆ ಅಧಿಕೃತವಾಗಿ 2006ರಲ್ಲಿ ಬಂತು, ಅಕ್ಷಯ್ ಕುಮಾರ್, ಯುವರಾಜ್ ಸಿಂಗ್ ಜಾಹೀರಾತಿನ ಜೊತೆಗೆ. ಆದರೆ ಅದಕ್ಕೂ ಮೊದಲು, ಆಮೇಲೂ, ಅಮೆರಿಕದ ಭಾವನ ಸೂಟ್‌ಕೇಸಲ್ಲಿ ಬಂದವು ಬೇಕಾದಷ್ಟು. 110 ವೋಲ್ಟಿನ ಅಡಾಪ್ಟರ್, ಅದಕ್ಕೊಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಅಲ್ಲಿನ ವಾರಂಟಿ ಇಲ್ಲಿಗೆ ಕಾಗದ ಅಷ್ಟೆ. ಸ್ವಿಚ್ ಅನ್ನಂತೂ ನಿಂಟೆಂಡೊ ಇಲ್ಲಿ ಅಧಿಕೃತವಾಗಿ ಮಾರಲೇ ಇಲ್ಲ. ಕಡ್ಡಿ ಕೆಟ್ಟರೆ ಆನ್‌ಲೈನಲ್ಲಿ ಬಿಡಿಭಾಗ, ಮೂರು ಕವಲಿನ ಸ್ಕ್ರೂಡ್ರೈವರ್, ಯೂಟ್ಯೂಬ್, ದೇವರು.

ನನ್ನ ವಾದದಲ್ಲಿ ಒಂದು ತೂತಿದೆ, ಅಳಿಯನೇ ಅದನ್ನು ಹಿಡಿದ. "ತಡೆದರೆ ಬೆಲೆ ಇಳಿಯುತ್ತೆ ಅನ್ನೋದು ನಿಮ್ಮ ಕಾಲಕ್ಕೆ ಮಾವ, ಈಗ ಏರುತ್ತೆ." ನಿಜ. ಸೋನಿಯ ಪ್ಲೇಸ್ಟೇಷನ್ 5ರ ಬೆಲೆಯನ್ನು 2022ರಲ್ಲಿ ಎಷ್ಟೋ ದೇಶಗಳಲ್ಲಿ ಏರಿಸಿದರು. ಹಿಂದೆ ತಡೆದವನಿಗೆ ತಣ್ಣನೆಯ ಚಿಪ್ಪೂ ಸಿಗುತ್ತಿತ್ತು, ದುಡ್ಡೂ ಉಳಿಯುತ್ತಿತ್ತು. 360ನಲ್ಲೇ 2008ರ ಕೊನೆಯ ಜಾಸ್ಪರ್ ಹೆಸರಿನ ಹೊಸ ಬೋರ್ಡಿನ ಹೊತ್ತಿಗೆ ರೋಗ ಬಹುಪಾಲು ಹೋಗಿತ್ತು. 2010ರ ಸ್ಲಿಮ್ ಮಾಡೆಲಿನ ಬಳೆಗೆ ಕೆಂಪು ದೀಪವನ್ನೇ ಇಡಲಿಲ್ಲ. (ಚಿಕಿತ್ಸೆಯೂ ಆಯ್ತು, ದೃಷ್ಟಿಯೂ ತೆಗೆದಂತಾಯ್ತು.) ಈಗ ತಡೆಯುವುದಕ್ಕೂ ದಂಡ ಕಟ್ಟಬೇಕು.

ನಿನ್ನೆ ಅವನಿಂದ ಮೆಸೇಜ್ ಬಂತು. ಶುಕ್ರವಾರವೇ ಆರ್ಡರ್ ಮಾಡಿಯಾಗಿತ್ತಂತೆ. ನನ್ನನ್ನು ಕೇಳಿದ್ದು ಸುಮ್ಮನೆ ಮರ್ಯಾದೆಗೆ. ಸರಿ, ಹಾಗಾದರೆ ಮಾಡಬೇಕಾದ್ದು ಹೇಳಿದೆ. ಡಬ್ಬ ಬಿಚ್ಚುವಾಗ ವಿಡಿಯೋ ಮಾಡು. ಬಿಲ್ಲು, ಡಬ್ಬ, ಥರ್ಮಾಕೋಲ್ ಯಾವುದನ್ನೂ ಎಸೆಯಬೇಡ. ಶೋಕೇಸಿನ ಗೂಡಿನೊಳಗೆ ತುರುಕಬೇಡ. ಹುಟ್ಟಿನಲ್ಲೇ ದೋಷವಿರುವ ಬೋರ್ಡು ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲೇ ಕೈಕೊಡುತ್ತದೆ, ಅದಕ್ಕೇ ಕಾರ್ಖಾನೆಗಳಲ್ಲಿ ಬರ್ನ್-ಇನ್ ಅಂತ ಗಂಟೆಗಟ್ಟಲೆ ಓಡಿಸಿ ನೋಡುತ್ತಾರೆ. ಆದ್ದರಿಂದ ವಾಪಸ್ ಕೊಡುವ ಗಡುವು ಮುಗಿಯುವ ತನಕ ಬಿಡದೆ ಆಡು, ಊಟಕ್ಕೆ ಎದ್ದರೂ ಆರಿಸಬೇಡ ಅಂದೆ.

ಅವನು ಆ ಮೆಸೇಜನ್ನು ನೇರ ಅವರಮ್ಮನಿಗೆ ತೋರಿಸಿದ್ದಾನೆ. ಅಕ್ಕ ಬೆಳಿಗ್ಗೆಯಿಂದ ನನ್ನ ಫೋನ್ ಎತ್ತುತ್ತಿಲ್ಲ.