ಬಕೆಟ್ಟಿನಲ್ಲಿ ಮಳೆ ಯಾಕೆ ಜಾಸ್ತಿ ಬಿತ್ತು?

ಸಕಲೇಶಪುರದ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪಾಠ ಮಾಡುತ್ತೇನೆ. ಈ ಸಲ ಆರಿದ್ರಾ ಮಳೆ ಹಿಡಿದ ವಾರ ನಮ್ಮ ಮಕ್ಕಳು ಮಳೆ ಅಳೆದರು. ಅದನ್ನು ಹೇಳದೆ ಇರೋಕೆ ಆಗುತ್ತಿಲ್ಲ.

ಎರಡು ಲೀಟರ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗೆ ಮಾಡಿ ಆಲಿಕೆಯ ಹಾಗೆ ಕೂರಿಸಿದೆವು. ಬಾಟಲಿಯ ತಳ ಉಬ್ಬುತಗ್ಗು ಇರುತ್ತದೆ ಅಲ್ವಾ, ಅದು ಮುಚ್ಚುವಷ್ಟು ನೀರು ಹಾಕಿ ಆ ಮಟ್ಟಕ್ಕೆ ಸೊನ್ನೆಯ ಗೆರೆ ಎಳೆದೆವು. ಅಲ್ಲಿಂದ ಮೇಲಕ್ಕೆ ಸ್ಕೇಲ್. ಮೊದಲ ದಿನ ಸಿಲ್ವರ್ ಮರದ ಕೆಳಗೆ ಇಟ್ಟಿದ್ದೆವು. ಮಳೆ ನಿಂತರೂ ಎಲೆಯಿಂದ ಹನಿ ಬೀಳುತ್ತಲೇ ಇತ್ತು. "ಇದು ಮರದ ಮಳೆ ಮಿಸ್" ಅಂತ ಮಕ್ಕಳೇ ಎತ್ತಿಕೊಂಡು ಹೋಗಿ ಬಯಲಲ್ಲಿ ಇಟ್ಟರು.

ಮಾರನೇ ಬೆಳಿಗ್ಗೆ ಬಾಟಲಿಯಲ್ಲಿ 40 ಮಿಲಿಮೀಟರ್. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಒಬ್ಬ ಹುಡುಗ ಪಕ್ಕದಲ್ಲಿದ್ದ ಬಕೆಟ್ಟಿಗೂ ಸ್ಕೇಲ್ ಹಾಕಿ ನೋಡಿದ. ಅದರಲ್ಲಿ 7 ಸೆಂಟಿಮೀಟರ್! ಒಂದೇ ಅಂಗಳ, ಒಂದೇ ಮಳೆ. ಕ್ಲಾಸಲ್ಲಿ ದೊಡ್ಡ ಜಗಳವೇ ಆಯಿತು. ಬಾಯಿ ಅಗಲ ಇದ್ದರೆ ಮಳೆ ಜಾಸ್ತಿ ಬೀಳುತ್ತೆ ಅಂತ ಅರ್ಧ ಜನ. ಹಾಗಾದರೆ ಕೆರೆಯಲ್ಲಿ ಒಂದೇ ಮಳೆಗೆ ಊರು ಮುಳುಗಬೇಕಿತ್ತಲ್ಲ ಅಂತ ಉಳಿದವರು. ನನಗೆ ಉತ್ತರ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದೇ ಅನ್ನಿಸುತ್ತದೆ.

ಮೂರನೇ ದಿನ ಒಬ್ಬಳು ಹುಡುಗಿ ಬಕೆಟ್ ಬೋರಲು ಹಾಕಿ ಅದರ ಬಾಯಿಯ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು. ಆಮೇಲೆ ನೆಟ್ಟಗೆ ಮಾಡಿ ಆ ವೃತ್ತದ ಒಳಗೇ ಇಟ್ಟು ತಳದ ಸುತ್ತ ಎಳೆದಳು. ದೊಡ್ಡ ವೃತ್ತದೊಳಗೆ ಚಿಕ್ಕ ವೃತ್ತ. ಸ್ವಲ್ಪ ಹೊತ್ತು ನೋಡುತ್ತಾ ನಿಂತಳು. "ಇಷ್ಟಗಲಕ್ಕೆ ಬಿದ್ದ ನೀರು ಇಷ್ಟರಲ್ಲೇ ನಿಲ್ಲಬೇಕು ಮಿಸ್. ಅದಕ್ಕೆ ಮೇಲೆ ಬಂದಿದೆ." ಬಿಸಿಯೂಟದ ಅಕ್ಕನ ಹತ್ತಿರ ಮೇಲೂ ಕೆಳಗೂ ಒಂದೇ ಅಗಲ ಇರುವ ಸ್ಟೀಲ್ ಡಬ್ಬ ಇಸ್ಕೊಂಡು ಬಂದು ಬಾಟಲಿ ಪಕ್ಕ ಇಟ್ಟರು. ಮುಂದಿನ ಮಳೆಗೆ ಎರಡರಲ್ಲೂ ಒಂದೇ ಅಳತೆ ಬಂತು.

ಪುಸ್ತಕ ಓದಿಸಿದ್ದರೆ ಮಳೆಮಾಪಕದ ವ್ಯಾಖ್ಯಾನ ಐದು ನಿಮಿಷಕ್ಕೆ ಬಾಯಿಪಾಠ ಆಗುತ್ತಿತ್ತು. ಇದಕ್ಕೆ ಒಂದು ವಾರ ಹಿಡಿಯಿತು. ಹೌದು, ಪೋರ್ಷನ್ ಹಿಂದೆ ಬಿತ್ತು. ಆ ಬಗ್ಗೆ ಕೇಳಬೇಕಾದವರು ಕೇಳಿದರು, ನಾನೂ ಉತ್ತರ ಕೊಟ್ಟೆ. ಆದರೆ ಆ ಎರಡು ವೃತ್ತ ಎಳೆದ ಹುಡುಗಿಗೆ ಕ್ಷೇತ್ರಫಲ ಯಾಕೆ ಬೇಕು ಅಂತ ಇನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರಾಜೆಕ್ಟ್ ಅಂದರೆ ಜೆರಾಕ್ಸ್ ಅಂಗಡಿಯಿಂದ ಚಿತ್ರ ತಂದು ಚಾರ್ಟಿಗೆ ಅಂಟಿಸುವುದು ಅಂತ ಆಗಿಬಿಟ್ಟಿದೆ. ಅದರಲ್ಲಿ ಕೆಲಸ ಅಪ್ಪ ಅಮ್ಮನದು, ಮಾರ್ಕ್ಸ್ ಮಗುವಿನದು. ದಯವಿಟ್ಟು ಅದನ್ನು ಬಿಡೋಣ.

ಇನ್ನೊಂದು ಮಾತು. ಐದನೇ ತರಗತಿವರೆಗೆ ವಿಜ್ಞಾನ, ಸಮಾಜ ಎರಡೂ ಸೇರಿ ಪರಿಸರ ಅಧ್ಯಯನ ಅಂತ ಒಂದೇ ಪುಸ್ತಕ. ಇದು ಎಷ್ಟು ಒಳ್ಳೆಯದು ಅಂತ ಆ ಬಾಟಲಿ ನನಗೆ ತೋರಿಸಿತು. ನಮ್ಮ ಹುಡುಗನೊಬ್ಬನ ತಾತ ಎಸ್ಟೇಟಿನಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ನಮ್ಮ 40 ಮಿಲಿಮೀಟರ್ ಲೆಕ್ಕ ಕೇಳಿ "ನಮ್ಮಲ್ಲಿ ಒಂದಿಂಚು ಅರವತ್ತು ಸೆಂಟ್ಸ್" ಅಂದರಂತೆ. ಒಂದಿಂಚಿಗೆ 25.4 ಮಿಲಿಮೀಟರ್, ನೂರು ಸೆಂಟ್ಸಿಗೆ ಒಂದಿಂಚು. ಮಕ್ಕಳು ಗುಣಿಸಿದರು. 40.64! ಕೂಗಾಟ ಕೇಳಿ ಪಕ್ಕದ ಕ್ಲಾಸಿನವರು ಬಂದು ನೋಡಿದರು.

ಅದೇ ವಾರ ಒಬ್ಬಳು ಅರಸೀಕೆರೆಯ ಅತ್ತೆಗೆ ಫೋನ್ ಮಾಡಿದಳು. ಅಲ್ಲಿ ಬರೀ ಮೋಡ, ರಾಗಿ ಹೊಲ ಇನ್ನೂ ಒಣಗಿಯೇ ಇದೆ. ಒಂದೇ ಜಿಲ್ಲೆ, ಯಾಕೆ ಹೀಗೆ? ಕಡಲಿನಿಂದ ಬರುವ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ನಮ್ಮ ಮೇಲೇ ಸುರಿದುಬಿಡುತ್ತದೆ, ಆ ಕಡೆಗೆ ಉಳಿಯುವುದು ಕಡಿಮೆ ಅಂದೆ. ಹಾಗಾದರೆ ನಮ್ಮ ನೀರು ಎಲ್ಲಿಗೆ ಹೋಗುತ್ತೆ? ಹೇಮಾವತಿಗೆ, ಗೊರೂರು ಅಣೆಕಟ್ಟಿಗೆ, ಅಲ್ಲಿಂದ ನಾಲೆ ಹಿಡಿದು ತುಮಕೂರಿಗೂ. ಆಗ ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿದಳು, "ನಮ್ಮಜ್ಜಿ ಊರು ಅದರಲ್ಲೇ ಮುಳುಗಿದ್ದು."

ಮರುದಿನ ಅಜ್ಜಿಯೇ ಬಂದರು. ಅಣೆಕಟ್ಟು ಮುಗಿದದ್ದು 1979ರಲ್ಲಿ. ಊರು ಬಿಟ್ಟಾಗ ತಮಗೆ ಇಪ್ಪತ್ತು ಇರಬೇಕು ಅಂದರು. ಬಾಗಿಲ ಚೌಕಟ್ಟು ಕಿತ್ತು ಗಾಡಿಗೆ ಹೇರಿದ್ದು, ಬಾವಿ ಬಿಟ್ಟು ಬಂದದ್ದು ಹೇಳಿದರು. ಮಕ್ಕಳು ಬೋರ್ಡಿನ ಮೇಲೆ ಊರಿನ ನಕ್ಷೆ ಬರೆದರು. ಅಜ್ಜಿ ಎದ್ದು ಹೋಗಿ ಬಾವಿಯನ್ನು ಅಳಿಸಿ, ಒಂದು ಗೇಣು ಆಚೆಗೆ ತಾವೇ ಗುಂಡಗೆ ಬರೆದರು.

ತೋಟ ಇರುವವರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಗಳಲ್ಲಿ ಹಳೇ ಮಳೆ ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ನಿಮ್ಮೂರ ಶಾಲೆಗೆ ಒಂದು ವಾರ ಕೊಡಿ. ಹಾಳಾಗದ ಹಾಗೆ ನಾವು ನೋಡಿಕೊಳ್ಳುತ್ತೇವೆ.