ಜೇಡಿಯೂ ಒಂದು ಗೆಡ್ಡೆಯೇ

ಶಾಲೆಯಲ್ಲಿ ನಾವು ಉರು ಹೊಡೆದ ಕ್ರಮ ನೆನಪಿದೆಯಲ್ಲ? ಮೊದಲು ಬೇಟೆ, ಆಮೇಲೆ ಬೇಸಾಯ, ಬೇಸಾಯದಿಂದ ಊರು, ಊರಾದ ಮೇಲೆ ಕುಂಬಾರ. ಹೀಗೆ ಬರೆದೇ ಅಂಕ ಗಿಟ್ಟಿಸಿಕೊಂಡವನು ನಾನು. ಈ ಕ್ರಮವನ್ನು ಹೊಲ ಉಳುವವರ ಮೊಮ್ಮಕ್ಕಳು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡರೇನೋ ಎಂದು ಈಗ ಅನ್ನಿಸುತ್ತದೆ.

ಚೀನಾದ ಶಿಯಾನ್‌ರೆಂಡಾಂಗ್ ಗುಹೆಯಲ್ಲಿ ಸಿಕ್ಕ ಮಡಕೆ ಚೂರುಗಳಿಗೆ ಸುಮಾರು 20,000 ವರ್ಷ ವಯಸ್ಸು. ಭತ್ತ ಬೆಳೆಯುವ ಯೋಚನೆ ಆಗ ಯಾರಿಗೂ ಬಂದಿರಲಿಲ್ಲ. ಜಪಾನಿನ ಪ್ರಾಚೀನ ನಿವಾಸಿಗಳಾದ ಜೋಮೋನ್ ಜನರೂ ಬೇಟೆಯಾಡಿ, ಮೀನು ಹಿಡಿದು, ಕಾಡಿನ ಕಾಯಿ ಆಯ್ದುಕೊಂಡೇ ಸಾವಿರಾರು ವರ್ಷ ಮಡಕೆ ಮಾಡಿದರು. ಅವರ ಹಳೆಯ ಮಡಕೆಗಳಿಗೆ ಅಂಟಿದ್ದ ಸುಟ್ಟ ಕರಿಯನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಹೆಚ್ಚಾಗಿ ಮೀನಿನ ಜಿಡ್ಡು.

ಸರಿ, ಮಣ್ಣು ಎಲ್ಲಿಂದ ತಂದರು? ಯಾರನ್ನು ಕೇಳಿದರೂ ಹೇಳುವುದು ಒಂದೇ: ಹೊಳೆಯ ದಂಡೆಯಲ್ಲಿ ಸಿಕ್ಕ ಕೆಸರು, ಇನ್ನೇನು? ಈ ಮಾತು ಕೇಳಿದರೆ ನನಗೆ ರೇಗುತ್ತದೆ. ನಮ್ಮೂರಿನ ಕುಂಬಾರಜ್ಜ ಕೆರೆಯಂಗಳದಲ್ಲಿ ಮೊಣಕಾಲುದ್ದ ಮೇಲ್ಮಣ್ಣು ತೆಗೆದುಹಾಕಿ, ಕೆಳಗಿನದ್ದನ್ನು ಒಂದು ಹಿಡಿ ಕಿತ್ತು, ಅಂಗೈಯಲ್ಲಿ ಬತ್ತಿಯಂತೆ ಹೊಸೆದು ಬೆರಳಿಗೆ ಸುತ್ತಿ ನೋಡುತ್ತಿದ್ದ. ಬಿರುಕು ಬಿಟ್ಟರೆ ಎಸೆದು ನಾಲ್ಕು ಮಾರು ಆಚೆ ಹೋಗಿ ಮತ್ತೆ ಅಗೆಯುವುದು. ಒಮ್ಮೊಮ್ಮೆ ಚೂರು ಬಾಯಿಗೂ ಹಾಕಿಕೊಳ್ಳುತ್ತಿದ್ದ, ಮರಳು ಹಲ್ಲಿಗೆ ಸಿಗುತ್ತದೆಯೇ ಎಂದು. “ಇದು ಬೇಡ ಕಣಪ್ಪ, ಆವಿಗೆಯಲ್ಲಿ ಸೀಳುತ್ತದೆ” ಎನ್ನುತ್ತಿದ್ದ. ನನ್ನ ಕಣ್ಣಿಗೆ ಎರಡೂ ಒಂದೇ ಕಪ್ಪು ಮಣ್ಣು.

ಟೋಕಿಯೋ ಪಕ್ಕದ ತಾಮಾ ಗುಡ್ಡಗಳಲ್ಲಿ ಹೊಸ ಬಡಾವಣೆ ಕಟ್ಟುವಾಗ ನೂರಾರು ಹಳೆಯ ನೆಲೆಗಳು ಬೆಳಕಿಗೆ ಬಂದವು. ಅವುಗಳಲ್ಲಿ 248ನೆಯ ಸಂಖ್ಯೆಯದು ಜೇಡಿಮಣ್ಣಿನ ಗಣಿ. ಸುಮಾರು 5,000 ವರ್ಷಗಳ ಹಿಂದೆ ಜೋಮೋನ್ ಜನ ಅಲ್ಲಿ ಮೇಲಿನ ಪದರಗಳನ್ನು ಕೊರೆದು, ಅಡಿಯ ಜೇಡಿಯನ್ನು ತೆಗೆದಿದ್ದಾರೆ. ಗುಂಡಿಯ ಪಕ್ಕ ಗುಂಡಿ, ಹಳೆಯ ಗುಂಡಿಯನ್ನು ಕಡಿದು ಹೊಸದು. ದಾರಿಯಲ್ಲಿ ಹೋಗುತ್ತಾ ಬಾಚಿಕೊಂಡ ಕೆಸರಲ್ಲ ಇದು. ನೆಲದೊಳಗೆ ಎಲ್ಲಿ, ಎಷ್ಟು ಆಳದಲ್ಲಿ ಏನಿದೆ ಎಂದು ಗೊತ್ತಿದ್ದವರು ತಲೆಮಾರುಗಟ್ಟಲೆ ಅಲ್ಲಿಗೇ ಮರಳಿ ಬಂದಿದ್ದಾರೆ.

ಹೇಗೆ ಗೊತ್ತಾಯಿತು? ನನ್ನ ವಾದ ಇಷ್ಟೇ: ಗೆಡ್ಡೆ ಅಗೆಯುವವರಿಗೆ ಅದು ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಕಾಡುಗೆಣಸಿನ ಬಳ್ಳಿಯ ಬುಡವನ್ನು ಮೊಳ ಎರಡು ಮೊಳ ಅಗೆಯುವ ಕೈಗೆ ಮಣ್ಣು ಎಲ್ಲಿ ಉದುರುತ್ತದೆ, ಎಲ್ಲಿ ಅಂಟುತ್ತದೆ ಎಂಬುದು ದಿನಬೆಳಗಾದರೆ ಸಿಗುವ ಸುದ್ದಿ. ಆ ಕಾಲದ ಒರಟು ಕಲ್ಲುಕೊಡಲಿಗಳನ್ನು ಮರ ಕಡಿಯಲು ಅಲ್ಲ, ನೆಲ ಅಗೆಯಲು ಬಳಸುತ್ತಿದ್ದರೆಂದು ಪುರಾತತ್ವಜ್ಞರು ಹೇಳುತ್ತಾರೆ. ಜೇಡಿಯ ಗುಂಡಿಗಳಲ್ಲೂ ಅವು ಸಿಕ್ಕಿವೆ. ಗೆಡ್ಡೆಗೂ ಜೇಡಿಗೂ ಒಂದೇ ಗುದ್ದಲಿ! ಆಹಾರ ಸಂಗ್ರಾಹಕರು ಎನ್ನುವ ಪದವನ್ನು ನಾವು ಹಣ್ಣು-ಕಾಯಿಗೇ ಮೀಸಲಿಟ್ಟು ಅವರ ಜಾಣತನವನ್ನು ಅರ್ಧ ಮಾಡಿದ್ದೇವೆ.

ತಂದ ಜೇಡಿಯನ್ನು ಹಾಗೇ ಬಳಸುತ್ತಲೂ ಇರಲಿಲ್ಲ. ಟೋಕಿಯೋ ಸುತ್ತಲಿನ ಕಾಂತೋ ಬಯಲಿನಲ್ಲಿ ಒಂದು ಕಾಲಘಟ್ಟದವರು ಅದಕ್ಕೆ ಸಸ್ಯದ ನಾರು ಬೆರೆಸುತ್ತಿದ್ದರು. ಸುಟ್ಟಾಗ ನಾರು ಉರಿದು ಅದರ ಅಚ್ಚು ಉಳಿದಿದೆ. ಮುಂದೆ ಅದೇ ಬಯಲಿನ ಪೂರ್ವಭಾಗದ ಮಡಕೆಗಳಲ್ಲಿ ಅಭ್ರಕ ಮಿನುಗುತ್ತದೆ. ಚೂರನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟು, ಅದರ ಖನಿಜಗಳನ್ನು ಸುತ್ತಲಿನ ನೆಲದ ಕಲ್ಲು-ಮಣ್ಣಿನೊಂದಿಗೆ ತಾಳೆ ಹಾಕಿದರೆ ಮಣ್ಣಿನ ತವರು ಯಾವುದೆಂದು ಬಹುಮಟ್ಟಿಗೆ ಹೇಳಬಹುದು.

ತಾಮಾದಲ್ಲಿ ಅದಕ್ಕೂ ಸರಳವಾದ ಸಾಕ್ಷಿಯೊಂದು ಸಿಕ್ಕಿತು. ಗಣಿಯ ಗುಂಡಿಯಲ್ಲಿದ್ದ ಬಟ್ಟಲಿನ ಚೂರೊಂದು, ಪಕ್ಕದ ವಸತಿಯಲ್ಲಿ ಸಿಕ್ಕ ಚೂರಿಗೆ ಕಚ್ಚಿ ಕೂತಿತು. ಕಲ್ಲುಕೊಡಲಿಯೊಂದರ ತುಂಡುಗಳೂ ಹಾಗೆಯೇ ಕೂಡಿಕೊಂಡವು. ಬಟ್ಟಲಿನ ಚೂರು ಅಲ್ಲಿಗೆ ಏಕೆ ಹೋಯಿತು? ಬುತ್ತಿ ಒಯ್ದಿದ್ದರೇ, ಇಲ್ಲವೆ ಮನೆಯಲ್ಲಿ ಒಡೆದದ್ದನ್ನೇ ಮಣ್ಣು ಗೋರಲು ಹಿಡಿದುಕೊಂಡು ಹೋಗಿದ್ದರೇ? ನನಗಂತೂ ಎರಡನೆಯದೇ ಇಷ್ಟ. ನಮ್ಮ ಕುಂಬಾರಜ್ಜನೂ ಒಡೆದ ಕೊಡದ ಓಡಿನಿಂದಲೇ ಜೇಡಿ ಬಳಿದು ಬುಟ್ಟಿಗೆ ಹಾಕುತ್ತಿದ್ದ.