ಮೊಳೆ ಹೊಡೆಯಬಾರದು

ರಾತ್ರಿ 2 ಗಂಟೆಗೆ ಟೆಂಟಿನ ಜಿಪ್ಪು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಮೇಲೂ ಹೋಗದು, ಕೆಳಗೂ ಬಾರದು. ನಾನು ಮಂಡಿಯೂರಿ ಕೂತು, ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಜಗ್ಗುತ್ತಿದ್ದೆ. ಹೊರಗೆ ಹೋಗುವ ಆಸೆ ನನಗೇನೂ ಇರಲಿಲ್ಲ. "ಏನೋ ಪರಚ್ತಾ ಇದೆ, ನೋಡ್ರೀ" ಅಂತ ಹೆಂಡತಿ ಎಬ್ಬಿಸಿದ್ದಳು. ಪರಚುತ್ತಿರುವುದು ಹೊರಗೋ ಒಳಗೋ ಎಂದು ಕೇಳುವ ಬುದ್ಧಿ ಆ ಹೊತ್ತಲ್ಲಿ ಯಾರಿಗಿರುತ್ತದೆ?

ಕುಮಟೆ ಹತ್ತಿರದ ಒಂದು ಬೀಚು. ಗಾಳಿ ಮರಗಳ ಕೆಳಗೆ ಸಾಲಾಗಿ ಟೆಂಟುಗಳು. ಶುಕ್ರವಾರ ಸಂಜೆ ಬೆಂಗಳೂರಲ್ಲಿ ಪಂಚಗಂಗಾ ರೈಲು ಹತ್ತಿ ಬಂದಿದ್ದೆವು. ಡಾಲ್ಫಿನ್, ಕಡಲ ಹದ್ದು, ಮುಸುವ, ಕಡಲಾಮೆ ಎಲ್ಲ ಇವೆ ಎಂದು ಬುಕ್ ಮಾಡುವಾಗಲೇ ಫೋಟೋ ಕಳಿಸಿದ್ದರು. ಮೊದಲ ದಿನ ನಾವು ಕಂಡದ್ದು ಮೂರು ನಾಯಿ ಮತ್ತು ಒಂದು ಹದ್ದು. ಹದ್ದು ಬಂದದ್ದೂ ನಮ್ಮ ತಟ್ಟೆಯ ಬಂಗಡೆ ನೋಡಿಕೊಂಡೇ.

ಆಮೆಯೂ ಇತ್ತು, ಬೋರ್ಡಿನ ಮೇಲೆ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಈ ಕರಾವಳಿಗೆ ಬಂದು, ಮರಳು ತೋಡಿ, ಒಂದು ಗುಂಡಿಗೆ ಸುಮಾರು 100 ಮೊಟ್ಟೆ ಇಟ್ಟು ಹೋಗುತ್ತವೆ. 45ರಿಂದ 60 ದಿನಕ್ಕೆ ಮರಿ ಹೊರಬರುತ್ತವೆ. ಬಂದವು ಬೆಳಕು ಕಂಡತ್ತ ಓಡುತ್ತವೆ. ಕತ್ತಲಲ್ಲಿ ಎಲ್ಲಕ್ಕಿಂತ ಬೆಳ್ಳಗೆ ಕಾಣುವುದು ಕಡಲು ಎಂಬುದು ಅವುಗಳ ಹುಟ್ಟು ಲೆಕ್ಕ. ನಮ್ಮ ಕ್ಯಾಂಪಿನವರು ಆ ಬೋರ್ಡಿನ ಸುತ್ತಲೇ ಸೀರಿಯಲ್ ಸೆಟ್ ಸುತ್ತಿದ್ದರು. ಅಲ್ಲೆಲ್ಲಾದರೂ ಮೊಟ್ಟೆ ಒಡೆದಿದ್ದರೆ ಮರಿಗಳೆಲ್ಲ ಸೀದಾ ನಮ್ಮ ಊಟದ ಶೆಡ್ಡಿಗೇ ಬರುತ್ತಿದ್ದವು. ಲೈಟ್ ಆರಿಸಬಾರದಾ ಅಂದೆ. "ಗೆಸ್ಟುಗಳು ಫೋಟೋ ತೆಗೀತಾರಲ್ಲ ಸಾರ್" ಅಂದ ಹುಡುಗ. ಗೆಸ್ಟುಗಳು ನಡುರಾತ್ರಿವರೆಗೂ ಸ್ಪೀಕರ್ ಹಚ್ಚಿ ಕುಣಿದರು. ಸಮುದ್ರ ಅಷ್ಟು ಹತ್ತಿರ ಇದ್ದೂ ಅಲೆಯ ಸದ್ದು ನನಗೆ ಕೇಳಿದ್ದು ಕರೆಂಟ್ ಹೋದಾಗ ಮಾತ್ರ.

ಇರಲಿ. ಪರಚುತ್ತಿದ್ದದ್ದು ಮಗಳ ಟಿಫಿನ್ ಡಬ್ಬಿ. ಸಂಜೆ ಆರಿಸಿದ ಶಂಖಗಳನ್ನು ಒಂದು ಹಿಡಿ ಒದ್ದೆ ಮರಳಿನ ಜೊತೆ ಅದರಲ್ಲಿ ತುಂಬಿಟ್ಟಿದ್ದಳು. ಮುಚ್ಚಳ ತೆಗೆದರೆ ಒಂದು ಶಂಖ ನಡೆಯುತ್ತಿದೆ. ಸ್ಟೀಲಿನ ಗೋಡೆಗೆ ಕಾಲು ಕೊಟ್ಟು ಹತ್ತುವುದು, ಜಾರುವುದು, ಮತ್ತೆ ಹತ್ತುವುದು. ಟಾರ್ಚ್ ಬಿಟ್ಟ ಕೂಡಲೇ ಕಾಲೆಲ್ಲ ಒಳಗೆಳೆದುಕೊಂಡು, ಒಂದು ಕೊಂಡಿಯನ್ನು ಬಾಗಿಲಿಗೆ ಅಡ್ಡ ಕೊಟ್ಟು ಸುಮ್ಮನಾಯಿತು. ಅದರ ಜಿಪ್ಪು ಸಿಕ್ಕಿಕೊಳ್ಳಲಿಲ್ಲ.

ಶಂಖದೊಳಗೆ ಇದ್ದದ್ದು ಸನ್ಯಾಸಿ ಏಡಿ, ಅಂದರೆ ಹರ್ಮಿಟ್ ಕ್ರ್ಯಾಬ್. ಈ ಜಾತಿ ಏಡಿಗೆ ಹಿಂಭಾಗ ಮೆತ್ತಗೆ. ಸ್ವಂತ ಚಿಪ್ಪು ಕಟ್ಟಲು ಬರುವುದಿಲ್ಲ. ಸತ್ತ ಬಸವನಹುಳುವಿನ ಶಂಖದಲ್ಲಿ ಮೈ ಸುರುಳಿ ಮಾಡಿ ತೂರಿಸಿಕೊಂಡಿರುತ್ತದೆ. ಮೈ ಬೆಳೆದರೆ ಮನೆ ಬದಲಿಸಲೇಬೇಕು. ಖಾಲಿ ಶಂಖ ಒಂದು ಸಿಕ್ಕರೆ ಇವುಗಳಲ್ಲಿ ಕೆಲವು ಜಾತಿಯವು ಗಾತ್ರದ ಪ್ರಕಾರ ಸಾಲು ನಿಲ್ಲುತ್ತವಂತೆ. ದೊಡ್ಡದು ಹೊಸ ಶಂಖಕ್ಕೆ ಹೋದ ಕೂಡಲೇ ಅದು ಬಿಟ್ಟದ್ದಕ್ಕೆ ಮುಂದಿನದು, ಅದು ಬಿಟ್ಟದ್ದಕ್ಕೆ ಅದರ ಮುಂದಿನದು. 10 ತಿಂಗಳ ಅಡ್ವಾನ್ಸ್ ಇಲ್ಲ, 11 ತಿಂಗಳ ಅಗ್ರಿಮೆಂಟ್ ಇಲ್ಲ, ಬ್ರೋಕರ್ ಇಲ್ಲ. "ನೀವು ವೆಜ್ಜಾ?" ಅಂತ ಗೇಟಿನಲ್ಲೇ ಕೇಳುವವರೂ ಇಲ್ಲ.

ನಾವು ಹಿಂದೆ ಇದ್ದ ಮನೆಯ ಓನರ್‌ದು ಒಂದೇ ಕಂಡೀಷನ್ನು. ಮೊಳೆ ಹೊಡೆಯಬಾರದು. ಸಂಸಾರ ಎಂದ ಮೇಲೆ ಒಂದು ಗಡಿಯಾರ, ಒಂದು ಕ್ಯಾಲೆಂಡರ್ ಇರುತ್ತೆ, ಅಲ್ವಾ? 6 ವರ್ಷ ಆದ ಮೇಲೆ ಬಿಡುವ ದಿನ ಅವರು ಸೀಮೆಸುಣ್ಣ ಹಿಡಿದು ಬಂದರು. ಒಂದೊಂದು ತೂತಿಗೂ ಸುತ್ತ ಸೊನ್ನೆ ಹಾಕುತ್ತಾ ಹೋದರು. ಹಾಲಿನಲ್ಲಿ 5, ಅಡುಗೆಮನೆಯಲ್ಲಿ 3. ರೂಮಿನ ಬಾಗಿಲ ಹಿಂದೆ ನನಗೇ ಗೊತ್ತಿಲ್ಲದ 4. "ಇವು ನಮ್ಮವಲ್ಲ ಸಾರ್, ಮುಂಚೆ ಇದ್ದೋರದು" ಅಂದೆ. "ಅವರ ಲೆಕ್ಕ ಅವತ್ತೇ ಚುಕ್ತಾ ಆಗಿದೆ" ಅಂದರು. ಒಟ್ಟು 17. ಆದರೆ ದೇವರ ಮನೆಯ ಪಕ್ಕ ಇದ್ದ ಒಂದರ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತರು. ಸೀಮೆಸುಣ್ಣ ಎತ್ತಿದ ಕೈ ಹಾಗೇ ಇತ್ತು. "ಇದು ನಾನೇ ಹೊಡೆದದ್ದು, ನಮ್ಮಪ್ಪನ ಫೋಟೋಗೆ" ಎಂದು ಮುಂದೆ ಹೋದರು. ಪಾಪ ಅನ್ನಿಸಿತು. ಆಮೇಲೆ 16 ತೂತಿಗೆ ತಲಾ 250 ರೂಪಾಯಿ ಹಿಡಿದುಕೊಂಡರು. ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಬೇರೆ. ಪೇಂಟ್ ಹೊಡೆಸುವವರು ಹೇಗೂ ತೂತು ಮುಚ್ಚಿಯೇ ಹೊಡೆಯುತ್ತಾರಲ್ಲ ಸಾರ್ ಎಂದರೆ, "ಅದು ಬೇರೆ, ಇದು ಬೇರೆ." ಎಷ್ಟೋ ವರ್ಷ ಆಯಿತು. ಈಗಲೂ ಸ್ನಾನ ಮಾಡುವಾಗ ಅವರಿಗೆ ಕೊಡಬೇಕಾಗಿದ್ದ ಉತ್ತರ ಹೊಳೆಯುತ್ತಿರುತ್ತದೆ.

ಜಿಪ್ಪು ಕೊನೆಗೂ ಬಿಚ್ಚಲಿಲ್ಲ. ಬೆಳಿಗ್ಗೆ ಕ್ಯಾಂಪಿನ ಹುಡುಗ ಹೊರಗಿನಿಂದ ಮೇಣದ ಬತ್ತಿ ತಿಕ್ಕಿ ಬಿಡಿಸಿದ. ಆಮೆ ಬರುವ ಜಾಗದಲ್ಲಿ ನಾವು ಹುಟ್ಟಿ ಬಂದ ಹಾಗೆ ಒಬ್ಬೊಬ್ಬರೇ ತಲೆ ಹೊರಗೆ ಹಾಕಿದೆವು. ಬನ್ಸು, ಚಾ ಮುಗಿಸಿ ಮಗಳು ಬಂಡೆ ಪಕ್ಕ ಏಡಿಯನ್ನು ಇಳಿಸಿದಳು. ಉಳಿದ ಖಾಲಿ ಶಂಖಗಳನ್ನೂ ಅದರ ಮುಂದೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಳು. "ನೋಡ್ಲಿ, ಇಷ್ಟ ಆದ್ರೆ ಶಿಫ್ಟ್ ಆಗ್ಲಿ." ನಾವು ಮೂವರೂ ಕುಕ್ಕರಗಾಲಲ್ಲಿ ಕೂತು ಕಾದೆವು. ನೋಡುವವರ ಮುಂದೆ ಯಾರು ಮನೆ ಬದಲಿಸುತ್ತಾರೆ? ಕೊಂಡಿ ಅಡ್ಡ ಕೊಟ್ಟದ್ದು ತೆಗೆಯಲೇ ಇಲ್ಲ.

ಅಷ್ಟರಲ್ಲಿ ಹುಡುಗ ಬಂದ. 10 ಗಂಟೆಗೆ ಚೆಕ್‌ಔಟು.

"ಟವೆಲ್ ಮೂರು ಕೊಟ್ಟದ್ದು ಸಾರ್. ಎರಡೇ ಅದೆ."

ಮೂರನೆಯದು ಟೆಂಟಿನ ಹಿಂದೆ ಇತ್ತು. ಹಗ್ಗದಿಂದ ಬಿದ್ದದ್ದರ ಮೇಲೆ ಕ್ಯಾಂಪಿನದೇ ಕಂದು ನಾಯಿ ನೀಟಾಗಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಒಂದು ಮೂಲೆ ಆಗಲೇ ಹರಿದಿತ್ತು. ಹುಡುಗ ಬಿಲ್ ಬುಕ್ ತೆರೆದು 200 ಎಂದು ಬರೆದ.

"ನಿಮ್ಮ ನಾಯಿ ತಾನೇ? ಅದರ ಲೆಕ್ಕಕ್ಕೆ ಹಾಕಪ್ಪ" ಅಂದೆ.

"ಅದರದ್ದು ಅಡ್ವಾನ್ಸ್ ಇಲ್ಲಲ್ಲ ಸಾರ್" ಅಂದ.